ಹೊಂಗೆ ಮರದ ಕೆಳಗಿನ ಡಾಲ್ಫಿನ್

ಮಕ್ಕಳೇ, ಮೊದಲು ನಿಮಗೊಂದು ಪ್ರಶ್ನೆ. ಡಾಲ್ಫಿನ್ ಎಲ್ಲಿರುತ್ತೆ?

"ಸಮುದ್ರದಲ್ಲಿ!" ಅಂತ ನೀವೆಲ್ಲ ಒಟ್ಟಿಗೆ ಕೂಗ್ತೀರಿ, ನನಗೆ ಗೊತ್ತು. ಆದರೆ ನಮ್ಮ ಮನೆಯ ಡಾಲ್ಫಿನ್ ಬೆಂಗಳೂರಿನ ರಾಜಾಜಿನಗರದಲ್ಲಿತ್ತು. ಅದಕ್ಕೆ ನಾಲ್ಕು ಚಕ್ರ, ಎರಡು ಬಾಗಿಲು. ನೀರಿನ ಬದಲು ಪೆಟ್ರೋಲ್ ಕುಡೀತಿತ್ತು. ಹೌದು, ಅದೊಂದು ಕಾರು. ಈಗ ಅದನ್ನು ಯಾರೂ ತಯಾರಿಸುವುದಿಲ್ಲ. ನಿಮ್ಮ ಅಪ್ಪ-ಅಮ್ಮಂದಿರಲ್ಲೂ ತುಂಬಾ ಜನ ಅದರ ಹೆಸರು ಕೇಳಿರಲಿಕ್ಕಿಲ್ಲ. ಆ ಕಾರಿನ ಕಥೆ ಹೇಳುವ ಮೊದಲು, ಅದು ನನಗೆ ಯಾಕೆ ನೆನಪಾಯಿತು ಅಂತ ಹೇಳಿಬಿಡ್ತೀನಿ.

ನಾವಿರೋದು ಸೈತಾಮಾದ ವಾಕೋದಲ್ಲಿ. ವಾಕೋಶಿ ಸ್ಟೇಷನ್ನಿಂದ ರಿಕೆನ್ ಸಂಶೋಧನಾ ಸಂಸ್ಥೆಯ ಕಡೆಗೆ ಹೋಗುವ ರಸ್ತೆಗೆ ನಿಹೋನಿಯಂ ರಸ್ತೆ ಅಂತ ಹೆಸರು. 113ನೇ ಮೂಲವಸ್ತುವನ್ನು ಕಂಡುಹಿಡಿದಿದ್ದು ಇದೇ ರಿಕೆನ್ ವಿಜ್ಞಾನಿಗಳು. 2016ರಲ್ಲಿ ಅದಕ್ಕೆ ನಿಹೋನಿಯಂ ಅಂತ ಹೆಸರಿಟ್ಟರು. ಆ ಖುಷಿಗೆ ಫುಟ್‌ಪಾತಿನ ಉದ್ದಕ್ಕೂ ಮೂಲವಸ್ತುಗಳ ಫಲಕಗಳನ್ನು ಹಾಕಿದ್ದಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಹೈಡ್ರೋಜನ್, ಹೀಲಿಯಂ ಅಂತ ಒಂದೊಂದರ ಮೇಲೂ ಕುಂಟುಬಿಲ್ಲೆ ಆಡಿಕೊಂಡು ಬರ್ತಿದ್ದಳು. ಈಗ ಅವಳು ಆರನೇ ಕ್ಲಾಸು. ಕುಂಟುಬಿಲ್ಲೆ ನಿಂತಿದೆ.

ಹೋದ ಅಕ್ಟೋಬರಿನ ಒಂದು ಶನಿವಾರ ಆ ರಸ್ತೆಯಲ್ಲಿ ಇಬ್ಬರೂ ಬರ್ತಿದ್ದೆವು. ಆಗ ಊರಿಂದ ನಮ್ಮಪ್ಪನ ಫೋನು ಬಂತು. ನಾನು "ಹೂಂ ಅಪ್ಪ, ಊಟ ಆಯ್ತಾ?" ಅಂತ ಶುರು ಮಾಡಿದ್ದೆ ಅಷ್ಟೇ. ಎದುರಿಗೆ ಅವಳ ಕ್ಲಾಸಿನ ಮೂವರು ಹುಡುಗಿಯರು ಬಂದರು. ಮಗಳು ನನ್ನ ತೋಳು ಹಿಡಿದು ಎಳೆದು, "ಅಪ್ಪ, ಇಲ್ಲಿ ಕನ್ನಡ ಬೇಡ, ಪ್ಲೀಸ್" ಅಂದಳು.

ಜಪಾನಿನಲ್ಲಿ ರಸ್ತೆಯಲ್ಲಿ ಜೋರಾಗಿ ಮಾತಾಡಬಾರದು, ಅದಕ್ಕೇ ಹಾಗಂದಳು ಅಂತ ಮೊದಲು ಅಂದುಕೊಂಡೆ. ಆಮೇಲೆ ಯೋಚಿಸಿದೆ. ಅವಳು "ಮೆಲ್ಲಗೆ ಮಾತಾಡು" ಅನ್ನಲಿಲ್ಲ. "ಕನ್ನಡ ಬೇಡ" ಅಂದಳು. ನನಗೆ ಕೋಪ ಬಂತು. ನಾಲ್ಕು ವರ್ಷದಿಂದ ಇದೇ ಶಾಲೆಯಲ್ಲಿ ಒತ್ತಕ್ಷರ ಹೇಳಿಕೊಡ್ತಿರೋ ಮೇಷ್ಟ್ರ ಮಗಳು ನೋಡಿ! ಬೈಯಬೇಕು ಅಂತ ಬಾಯಿ ತೆರೆದವನು ಹಾಗೇ ಸುಮ್ಮನಾದೆ. ಯಾಕೆಂದರೆ ಇಂಥದೇ ಮಾತನ್ನು ನಾನೂ ಒಮ್ಮೆ ನಮ್ಮಪ್ಪನಿಗೆ ಹೇಳಿದ್ದೆ. ಅವಳದೇ ವಯಸ್ಸಿನಲ್ಲಿ, ಆ ಡಾಲ್ಫಿನ್ ಕಾರಿನ ವಿಷಯಕ್ಕೆ.

ಈಗ ಕಾರಿನ ಕಥೆ ಕೇಳಿ.

1970ರ ದಶಕದಲ್ಲಿ ನಮ್ಮ ದೇಶದಲ್ಲಿ ಕಾರು ಅಂದರೆ ಮುಖ್ಯವಾಗಿ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಇಷ್ಟೇ. ದುಡ್ಡು ಕೊಟ್ಟ ತಕ್ಷಣ ಕಾರು ಸಿಗ್ತಿರಲಿಲ್ಲ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಯಾರು ಕಾರು ಮಾಡಬೇಕು, ಎಷ್ಟು ಮಾಡಬೇಕು ಅನ್ನೋದಕ್ಕೂ ಸರ್ಕಾರದ ಲೈಸೆನ್ಸ್ ಬೇಕಾಗಿತ್ತು. ಅಂಥ ಕಾಲದಲ್ಲಿ ನಮ್ಮ ಬೆಂಗಳೂರಿನ ಒಂದು ಸಣ್ಣ ಕಂಪನಿ ನಾವೂ ಕಾರು ಮಾಡ್ತೀವಿ ಅಂತ ಹೊರಟಿತು. ಮೊದಲು ಅದರ ಹೆಸರು ಸನ್‌ರೈಸ್, ಆಮೇಲೆ ಸಿಪಾನಿ. ಅವರ ಮೊದಲ ಕಾರಿಗೆ ಮೂರೇ ಚಕ್ರ, ಮುಂದೆ ಒಂದು, ಹಿಂದೆ ಎರಡು! ಹೆಸರು ಬಾದಲ್, ಅಂದರೆ ಮೋಡ. ಎಂಜಿನ್ 200 ಸಿಸಿಗೂ ಕಡಿಮೆ, ಸ್ಕೂಟರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ.

1982ರಲ್ಲಿ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಅನ್ನೋ ಕಂಪನಿ ಕಿಟನ್, ಅಂದರೆ ಬೆಕ್ಕಿನ ಮರಿ, ಅನ್ನೋ ಪುಟ್ಟ ಕಾರು ಮಾಡ್ತಿತ್ತು. ಅದೇ ಬೆಂಗಳೂರಿಗೆ ಬಂದು ಡಾಲ್ಫಿನ್ ಆಯಿತು. 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್ ಗ್ಲಾಸ್.

ಫೈಬರ್ ಗ್ಲಾಸ್ ಯಾಕೆ ಗೊತ್ತಾ? ತಗಡಿನ ಕಾರು ಮಾಡಬೇಕಾದರೆ ತಗಡನ್ನು ಒತ್ತಿ ಆಕಾರ ಕೊಡೋ ದೊಡ್ಡ ದೊಡ್ಡ ಪ್ರೆಸ್ಸು, ಡೈ ಎಲ್ಲ ಬೇಕು. ಅವಕ್ಕೆ ಕೋಟಿಗಟ್ಟಲೆ ಖರ್ಚು. ಫೈಬರ್ ಗ್ಲಾಸ್ ಆದರೆ ಒಂದು ಅಚ್ಚು ಸಾಕು. ಅಚ್ಚಿನೊಳಗೆ ಗಾಜಿನ ನೂಲಿನ ಬಟ್ಟೆ ಹಾಸಿ, ಅದರ ಮೇಲೆ ರೆಸಿನ್ ಅನ್ನೋ ಅಂಟು ಸವರಿ, ಮತ್ತೊಂದು ಪದರ ಹಾಸಿ, ಒಣಗಲು ಬಿಡೋದು. ನಿಮ್ಮಜ್ಜಿ ಬಾಳೆ ಎಲೆಯ ಮೇಲೆ ಕೈಯಲ್ಲೇ ಹೋಳಿಗೆ ತಟ್ಟಿದ ಹಾಗೆ. ದೊಡ್ಡ ಮೆಷಿನ್ ಬೇಡ, ತುಕ್ಕು ಹಿಡಿಯಲ್ಲ, ತೂಕವೂ ಕಡಿಮೆ. ಅಷ್ಟು ಹಗುರ ಅಂತಲೇ ಕಾರ್ ರ‍್ಯಾಲಿ ಓಡಿಸುವವರಿಗೆ ಡಾಲ್ಫಿನ್ ಅಂದರೆ ಇಷ್ಟ.

ಆದರೆ ಕೈಯಲ್ಲಿ ತಟ್ಟಿದ ಹೋಳಿಗೆಗೆ ಒಂದು ಮಿತಿ ಇದೆ. ಹತ್ತು ಜನಕ್ಕೆ ಬಡಿಸಬಹುದು, ಹತ್ತು ಸಾವಿರ ಜನಕ್ಕೆ ಆಗೋದಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದು ನಮ್ಮ ಈ ಜಪಾನಿನ ಸುಜುಕಿಯ ತಂತ್ರಜ್ಞಾನ. ಉಕ್ಕಿನ ಮೈ, ದೊಡ್ಡ ಫ್ಯಾಕ್ಟರಿ. ಇಡೀ ದೇಶವೇ ಅದರ ಹಿಂದೆ ಓಡಿತು. ಸಿಪಾನಿಯವರು ಸುಮ್ಮನೆ ಕೂರಲಿಲ್ಲ. ಮಾಂಟಾನಾ ಅನ್ನೋ ಹೊಸ ಕಾರು ತಂದರು. ಅದರಲ್ಲಿ ಡೀಸೆಲ್ ಮಾದರಿಯನ್ನೂ ಮಾಡಿದರು. 1990ರ ದಶಕದಲ್ಲಿ ರೋವರ್ ಮಾಂಟೆಗೊ ಅನ್ನೋ ದೊಡ್ಡ ಇಂಗ್ಲಿಷ್ ಕಾರನ್ನೂ ಜೋಡಿಸಿ ಮಾರಿದರು. ಯಾವುದೂ ಕೈ ಹಿಡಿಯಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಸಿಪಾನಿ ಕಾರುಗಳ ಕಥೆ ಮುಗಿದಿತ್ತು.

ನಮ್ಮಪ್ಪನಿಗೆ ಪೀಣ್ಯದಲ್ಲಿ ಒಂದು ಸಣ್ಣ ಲೇಥ್ ವರ್ಕ್‌ಶಾಪ್ ಇತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಡಾಲ್ಫಿನ್ ತಂದರು. ಕೆನೆ ಬಣ್ಣ. ಬಂದವರಿಗೆಲ್ಲ ಕಾರಿನ ಮೈಮೇಲೆ ಬೆರಳಿಂದ ತಟ್ಟಿ ತೋರಿಸೋರು. "ಇದು ನಮ್ಮೂರಲ್ಲೇ ಮಾಡಿದ ಕಾರು ಕಣ್ರೀ!" ನಂಬರ್ ಪ್ಲೇಟನ್ನೂ ಕನ್ನಡ ಅಂಕಿಗಳಲ್ಲೇ ಬರೆಸಿದ್ದರು. ನಾವು ನಾಲ್ಕು ಜನ, ಒಂದು ಕುಕ್ಕರ್ ತುಂಬಾ ಪುಳಿಯೋಗರೆ, ಶಿವಗಂಗೆಗೂ ನಂದಿಬೆಟ್ಟಕ್ಕೂ ಹೋಗಿದ್ದೇ ಹೋಗಿದ್ದು.

ಒಂದು ಸಲ ನಾನು ಸೈಕಲ್ ಕಲಿಯುವಾಗ ಬ್ರೇಕ್ ಹಿಡಿಯೋದು ಮರೆತು ಅದರ ಮುಂದಿನ ಮಡ್‌ಗಾರ್ಡಿಗೆ ಗುದ್ದಿದೆ. ನಕ್ಷತ್ರದ ಹಾಗೆ ಸೀಳು ಬಿಟ್ಟಿತು. ಏಟು ಬೀಳುತ್ತೆ ಅಂತ ನೀರಿನ ತೊಟ್ಟಿಯ ಹಿಂದೆ ಅವಿತುಕೊಂಡೆ. ಅಪ್ಪ ಹೊಡೆಯಲಿಲ್ಲ. ಭಾನುವಾರ ಎಲ್ಲಿಂದಲೋ ಫೈಬರ್ ಮ್ಯಾಟು, ರೆಸಿನ್ ಡಬ್ಬ ತಂದು ನನ್ನನ್ನು ಕರೆದರು. ಇಬ್ಬರೂ ಸೇರಿ ಸೀಳಿನ ಸುತ್ತ ಎಮರಿ ಪೇಪರಿನಲ್ಲಿ ಉಜ್ಜಿ, ಒಳಗಿನಿಂದ ಮ್ಯಾಟ್ ಅಂಟಿಸಿದೆವು. ಕೈಗೆಲ್ಲ ಗಾಜಿನ ಪುಡಿಯ ನವೆ, ಮೂಗಿಗೆ ಘಾಟು. "ತಗಡಾಗಿದ್ರೆ ತಗ್ಗು ಬೀಳ್ತಿತ್ತು. ಇದು ಸೀಳುತ್ತೆ. ಆದ್ರೆ ಸೀಳಿದ್ದನ್ನ ನಾವೇ ಮನೇಲಿ ಕೂಡಿಸಬಹುದು" ಅಂದರು ಅಪ್ಪ. ಬಣ್ಣ ಮಾತ್ರ ಸರಿಯಾಗಿ ಹೊಂದಲಿಲ್ಲ. ಕಡೆಯವರೆಗೂ ಅಲ್ಲೊಂದು ತೇಪೆ ಕಾಣ್ತಿತ್ತು.

ಆರನೇ ಕ್ಲಾಸಿಗೆ ನನ್ನನ್ನು ಬೇರೆ ಶಾಲೆಗೆ ಸೇರಿಸಿದರು. ಅಲ್ಲಿ ಹುಡುಗರು ಫಿಯಟ್ಟಲ್ಲಿ, ಹೊಸ ಮಾರುತಿಯಲ್ಲಿ ಬಂದು ಇಳೀತಿದ್ದರು. ಮೊದಲ ವಾರವೇ ನಮ್ಮ ಕಾರಿಗೆ "ಸೋಪಿನ ಡಬ್ಬಿ" ಅಂತ ಹೆಸರು ಬಿತ್ತು. "ಮಳೆ ಬಂದ್ರೆ ತೇಲುತ್ತೇನೋ ನಿಮ್ ಡಾಲ್ಫಿನ್ನು?" ಅಂತ ಒಬ್ಬ ಕೇಳಿದ. ಎಲ್ಲರೂ ನಕ್ಕರು. ನಾಚಿಕೆಗೇಡು ಅಂದರೆ, ನಾನೂ ಅವರ ಜೊತೆ ಸೇರಿಕೊಂಡು ನಕ್ಕೆ.

ಮಾರನೇ ದಿನ ಶಾಲೆಯ ಗೇಟಿಗೆ ಇನ್ನೂ ಒಂದು ತಿರುವು ಇರುವಾಗಲೇ, ಒಂದು ಹೊಂಗೆ ಮರದ ಹತ್ತಿರ, "ಅಪ್ಪ, ಇಲ್ಲೇ ನಿಲ್ಸು, ನಾನು ನಡ್ಕೊಂಡು ಹೋಗ್ತೀನಿ" ಅಂದೆ. ಅಪ್ಪ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ, ನಿಲ್ಲಿಸಿದರು. ಅದರ ಮಾರನೇ ದಿನ ನಾನು ಹೇಳುವ ಮೊದಲೇ ಅಲ್ಲೇ ನಿಲ್ಲಿಸಿದರು. ಸಂಜೆ ಕರೆದುಕೊಂಡು ಹೋಗೋಕೂ ಆ ಮರದ ಕೆಳಗೇ ಕಾಯ್ತಿದ್ದರು. ನಾನು ಹತ್ತನೇ ಕ್ಲಾಸು ಮುಗಿಸೋವರೆಗೂ ಹಾಗೇ ನಡೆಯಿತು.

ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಆ ಕಾರನ್ನು ಮಾರಿದರು. ರ‍್ಯಾಲಿ ಹುಚ್ಚಿನ ಒಬ್ಬ ಹುಡುಗ ತಗೊಂಡು ಹೋದನಂತೆ. ಹಾಸ್ಟೆಲಿಂದ ಬಂದಾಗ ಮನೆ ಮುಂದೆ ಬಿಳಿ ಮಾರುತಿ ನಿಂತಿತ್ತು. ನನಗೆ ಖುಷಿಯೋ ಖುಷಿ. ಡಾಲ್ಫಿನ್ ಎಲ್ಲಿಗೆ ಹೋಯಿತು ಅಂತ ಒಂದು ಮಾತೂ ಕೇಳಲಿಲ್ಲ.

ಇದನ್ನೆಲ್ಲ ಆ ಶನಿವಾರ ರಾತ್ರಿ ಮಗಳಿಗೆ ಹೇಳಿದೆ. ಬೈಯಲಿಲ್ಲ, ಉಪದೇಶ ಮಾಡಲಿಲ್ಲ, ಕಥೆ ಅಷ್ಟೇ. ಅವಳು ಎರಡು ಪ್ರಶ್ನೆ ಕೇಳಿದಳು. ಮೊದಲನೆಯದು, "ಕಾರಿನ ಫೋಟೋ ತೋರ್ಸು."

ನಮ್ಮ ಹಳೇ ಆಲ್ಬಮ್ಮುಗಳನ್ನು ತಂಗಿ ಸ್ಕ್ಯಾನ್ ಮಾಡಿ ಇಟ್ಟಿದ್ದಾಳೆ. ಎಲ್ಲ ಹುಡುಕಿದೆ. ಶಿವಗಂಗೆಯ ಮೆಟ್ಟಿಲು ಇದೆ, ಪುಳಿಯೋಗರೆ ಕುಕ್ಕರೂ ಇದೆ. ಕಾರು ಇಲ್ಲ. ಫೋಟೋ ತೆಗೀತಿದ್ದವನು ನಾನೇ ತಾನೇ. ಕಾರು ಬೀಳದ ಹಾಗೆ ನೋಡಿಕೊಂಡು ತೆಗೆದಿದ್ದೆ! ಒಂದೇ ಒಂದರಲ್ಲಿ ಅಮ್ಮನ ಸೀರೆ ಸೆರಗಿನ ಪಕ್ಕ ಕೆನೆ ಬಣ್ಣದ ಒಂದು ಮೂಲೆ ಕಾಣುತ್ತೆ. ಆ ಮೂಲೆಯಲ್ಲಿ ತೇಪೆ ಇದೆ.

ಎರಡನೇ ಪ್ರಶ್ನೆ, "ತಾತಂಗೆ ಬೇಜಾರಾಗಿತ್ತಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷ ದಾಟಿದೆ, ನಾನು ಕೇಳಿಯೇ ಇರಲಿಲ್ಲ. ಮಾರನೇ ದಿನ ಸ್ಪೀಕರ್ ಹಾಕಿ ಫೋನ್ ಮಾಡಿದೆವು. ಅಪ್ಪನಿಗೆ ಈಗ 78. ನಾನು ತಡವರಿಸಿಕೊಂಡು, "ಅಪ್ಪ, ಸ್ಕೂಲ್ ಹತ್ರ ಆ ಹೊಂಗೆ ಮರ ನೆನಪಿದ್ಯಾ? ದೂರಾನೇ ನಿಲ್ಸು ಅಂತಿದ್ನಲ್ಲ..." ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು, "ನೆನಪಿಲ್ದೆ ಏನು. ಒಳ್ಳೇ ನೆರಳಿತ್ತು ಕಣೋ ಅಲ್ಲಿ. ಕಾರು ಬಿಸಿಲಿಗೆ ಕಾಯ್ತಿರಲಿಲ್ಲ."

ಅಷ್ಟೇ. ಆಮೇಲೆ ಮೊಮ್ಮಗಳ ಹತ್ತಿರ, "ನಿಮ್ಮಪ್ಪ ಸೈಕಲ್ ಗುದ್ದಿದ್ದು ಹೇಳಿದ್ನಾ?" ಅಂತ ಶುರು ಮಾಡಿದರು. ರೆಸಿನ್‌ಗೆ ಎಷ್ಟು ಹನಿ ಹಾರ್ಡನರ್ ಹಾಕಬೇಕು, ಸವೆದ ಬುಷ್‌ಗಳನ್ನು ತಾವೇ ಲೇಥಿನಲ್ಲಿ ಹೇಗೆ ಟರ್ನ್ ಮಾಡಿಕೊಳ್ತಿದ್ದರು, ಎಲ್ಲ ಹೇಳಿದರು. ಮುಕ್ಕಾಲು ಗಂಟೆ. ಮಗಳು ಅರ್ಥವಾಗದ ಕಡೆ "ಅಂದ್ರೆ ಏನು ತಾತ?" ಅಂತ ಕೇಳಿದಳು. ಅವರು ಬಿಡಿಸಿ ಹೇಳಿದರು. ನನಗೇ ಗೊತ್ತಿರದ ಎಷ್ಟೋ ಸಂಗತಿಗಳು ಆವತ್ತು ಗೊತ್ತಾದವು.

ವಾಕೋದಲ್ಲಿ ಹೋಂಡಾ ಕಂಪನಿಯ ದೊಡ್ಡ ಕೇಂದ್ರವಿದೆ. 1950ರ ದಶಕದಲ್ಲೇ ಅವರು ಇಲ್ಲಿ ಕಾರ್ಖಾನೆ ತೆರೆದಿದ್ದರು. ನಿಮ್ಮ ಪ್ರೀತಿಯ ಅಸಿಮೊ ರೋಬೋ ಇಲ್ಲೇ ಬೆಳೆದಿದ್ದು. ಆ ಹೋಂಡಾ ಕೂಡ 1963ರಲ್ಲಿ ತನ್ನ ಮೊದಲ ನಾಲ್ಕು ಚಕ್ರದ ಗಾಡಿ ಮಾಡಿದಾಗ ಹೊಸಬರೇ. ಎಲ್ಲ ಹೊಸಬರೂ ಹೋಂಡಾ ಆಗೋದಿಲ್ಲ. ಕೆಲವರು ಸಿಪಾನಿ ಆಗ್ತಾರೆ. ಹಾಗಂತ ಅವರ ಕೆಲಸ ಸಣ್ಣದಲ್ಲ. ಇಲ್ಲಿ ರಸ್ತೆ ತುಂಬಾ ಓಡಾಡೋ ಹಳದಿ ನಂಬರ್ ಪ್ಲೇಟಿನ ಪುಟ್ಟ ಕೇ ಕಾರುಗಳನ್ನು ನೋಡಿದಾಗಲೆಲ್ಲ ನನಗೆ ಈಗ ಅನ್ನಿಸುತ್ತೆ, ನಮ್ಮ ಡಾಲ್ಫಿನ್ ಇವುಗಳ ಪಕ್ಕ ನಿಂತಿದ್ದರೆ ಅಳತೆಯಲ್ಲಿ ಒಂದೇ ಸಾಲಿಗೆ ಕೂರುತ್ತಿತ್ತು. ಯಾರೂ ನಗ್ತಿರಲಿಲ್ಲ.

ನನ್ನ ಮಗಳು ಈಗ ಸ್ಟೇಷನ್ ರಸ್ತೆಯಲ್ಲೂ ಗಟ್ಟಿಯಾಗಿ ಕನ್ನಡ ಮಾತಾಡ್ತಾಳೆ ಅಂತ ಬರೆದರೆ ಸುಳ್ಳಾಗುತ್ತೆ. ಗೆಳತಿಯರು ಎದುರು ಬಂದರೆ ಈಗಲೂ ನನ್ನ ತೋಳು ಹಿಡೀತಾಳೆ. ನಾನು ಸುಮ್ಮನಾಗ್ತೀನಿ. ಅವರು ದಾಟಿ ಹೋದ ಮೇಲೆ ಅವಳೇ ಮತ್ತೆ ಕನ್ನಡದಲ್ಲಿ ಶುರು ಮಾಡ್ತಾಳೆ. ನಮ್ಮಪ್ಪ ಐದು ವರ್ಷ ಮರದ ಕೆಳಗೆ ಕಾದರು. ನಾನೂ ಸ್ವಲ್ಪ ಕಾಯಬಹುದು. ಪಾಲಕರೇ, ನಿಮಗೂ ನಾನು ಇದನ್ನೇ ಹೇಳೋದು.

ಮಕ್ಕಳೇ, ನಿಮಗೆ ಒಂದು ಹೋಮ್‌ವರ್ಕ್. ಈ ವಾರ ತಾತನಿಗೋ ಅಜ್ಜಿಗೋ ಫೋನ್ ಮಾಡಿ, "ನಿಮ್ಮನೆಯ ಮೊದಲ ಗಾಡಿ ಯಾವುದು?" ಅಂತ ಕೇಳಿ. ಸೈಕಲ್ ಆಗಿರಬಹುದು, ಎತ್ತಿನ ಗಾಡಿ ಆಗಿರಬಹುದು, ಲೂನಾ ಆಗಿರಬಹುದು. ಕೇಳಿ ಸುಮ್ಮನಿರಿ. ಅವರೇ ಹೇಳ್ತಾರೆ. ಅರ್ಥ ಆಗದ ಪದ ಬಂದರೆ ನಾಚಿಕೆ ಬಿಟ್ಟು ಕೇಳಿ.

ಈ ಲೇಖನದ ಜೊತೆಗೆ ಒಂದು ಫೋಟೋ ಕೊಡಿ ಅಂತ ಸಂಪಾದಕರು ಕೇಳಿದ್ದರು. ಫೋಟೋ ಇಲ್ಲದ್ದಕ್ಕೆ ಮಗಳು ಚಿತ್ರ ಬರೆದುಕೊಟ್ಟಿದ್ದಾಳೆ. ನಂಬರ್ ಪ್ಲೇಟಿನ ಮೇಲೆ ಕನ್ನಡ ಅಂಕಿಗಳಿವೆ. ಮುಂದಿನ ಮಡ್‌ಗಾರ್ಡಿನ ಮೇಲೆ ತೇಪೆ ಇದೆ. ಕೆಳಗೆ "ಡಾಲ್ಫಿನ್" ಅಂತ ಬರೆಯುವಾಗ "ಫ"ದ ಒತ್ತು ಎರಡು ಸಲ ತಪ್ಪಿ, ಮೂರನೇ ಸಲ ಸರಿಯಾಗಿ ಬರೆದಿದ್ದಾಳೆ. ಅಳಿಸಿದ ಗುರುತು ಹಾಗೇ ಇದೆ, ನೋಡಿ. ಮತ್ತೆ, ಕಾರಿನ ಪಕ್ಕ ಒಂದು ಮರವನ್ನೂ ಬರೆದಿದ್ದಾಳೆ. ನಾನು ಹೇಳಿರಲಿಲ್ಲ.