ಒಂದು ವಯಲಿಗೆ ಹತ್ತು ಜನ

2021ರ ಜೂನ್. ಶಿರಾ ಸೀಮೆಯ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ನಿಂತಿದ್ದೀರಿ. ಮಕ್ಕಳಿಲ್ಲದ ತರಗತಿಯಲ್ಲಿ ಎರಡು ಬೆಂಚು ಜೋಡಿಸಿ, ನೀಲಿ ಲಸಿಕೆ ಡಬ್ಬಿ ಪಕ್ಕಕ್ಕಿಟ್ಟುಕೊಂಡು ನರ್ಸಮ್ಮ ಕೂತಿದ್ದಾರೆ. ಒಳಗೆ ಐಸ್‌ಪ್ಯಾಕುಗಳ ನಡುವೆ ಕೋವಿಶೀಲ್ಡ್ ವಯಲ್‌ಗಳು. ಒಂದರಲ್ಲಿ ಹತ್ತು ಡೋಸ್. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಉಳಿದದ್ದು ವ್ಯರ್ಥ. ಹನ್ನೊಂದು ದಾಟಿತು, ಬಂದವರು ಆರೇ ಜನ. ನರ್ಸಮ್ಮ ವಯಲ್ ಮುಟ್ಟುತ್ತಿಲ್ಲ.

"ಇನ್ನೂ ನಾಕು ಜನಾನ ಕರ್ಕೊಂಡ್ ಬಾರವ್ವ."

ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಆಗಲೇ ಚಪ್ಪಲಿ ಮೆಟ್ಟಿದ್ದಾರೆ. ನೀವೂ ಹಿಂದೆ ಹೊರಡುತ್ತೀರಿ.

ಮೊದಲ ಮನೆಯವರು ನಿಮ್ಮನ್ನು ಕಂಡೊಡನೆ ಕದ ಹಾಕಿಕೊಳ್ಳುತ್ತಾರೆ. ಎರಡನೇ ಮನೆಯ ಕಷಾಯದ ಘಾಟು ಬೀದಿಗೇ ಬರುತ್ತಿದೆ: ಶುಂಠಿ, ಮೆಣಸು, ಅಮೃತಬಳ್ಳಿ. ಜಗುಲಿಯ ಮೇಲಿನ ಯುವಕ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದಾನೆ. ದಿನಕ್ಕೆ ಮೂರು ಸಲ ಕಷಾಯ, ಎರಡು ಸಲ ಹಬೆ, ಪೇಟೆಯ ತರಕಾರಿಗೆ ಉಪ್ಪುನೀರು. ಸೂಜಿ ಮಾತ್ರ ಬೇಡ. ಫೋನು ಮುಂದೆ ಹಿಡಿಯುತ್ತಾನೆ: ಫ್ರಾನ್ಸಿನ ವಿಜ್ಞಾನಿ ಲುಕ್ ಮಾಂಟನ್ಯೇ ಅವರ ಫೋಟೊ. ಅವರಿಗೆ 2008ರಲ್ಲಿ ನೊಬೆಲ್ ಬಂದದ್ದು ನಿಜ. ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆಂದು ಅವರು ಹೇಳಿದರೆಂಬುದು ಯಾರೋ ಕಟ್ಟಿದ ಸುಳ್ಳು. ಫೋನು ಹಿಡಿದ ಕೈ ನಡುಗುತ್ತಿರುವುದು ನಿಮಗೆ ಕಾಣುತ್ತದೆ.

ಅವನನ್ನು ದಯವಿಟ್ಟು ದಡ್ಡ ಎನ್ನಬೇಡಿ. ಹೋದ ತಿಂಗಳು ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಜನರಿಗೆ ಕೊರೊನಾ ಸೋಂಕು ತಗುಲಿದ್ದು ವರದಿಯಾಗಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ಸತ್ತ ಸುದ್ದಿ ಮನೆಮನೆ ಮುಟ್ಟಿತ್ತು. ಆಂಬುಲೆನ್ಸ್ ಹತ್ತಿದ ಇವನ ಚಿಕ್ಕಪ್ಪನ ಮುಖವನ್ನು ಮನೆಯವರು ಮತ್ತೆ ನೋಡಲೇ ಇಲ್ಲ. ಫೋನಿಗೆ ಆ ಸುಳ್ಳು ಬರುವ ಮೊದಲೇ ಅದಕ್ಕೆ ಜಾಗ ಸಿದ್ಧವಾಗಿತ್ತು. ಕಣ್ಣಿಗೆ ಕಾಣದ ವೈರಾಣುವಿಗೆ ಏನು ಹೇಳುವುದು? ಸಂಚು ಮಾಡುವವನಿಗಾದರೆ 'ಒಲ್ಲೆ' ಎನ್ನಬಹುದು. ಆ ಒಂದು ಮಾತಿನಲ್ಲಿ ಅವನಿಗೆ ತುಸು ಧೈರ್ಯ ಸಿಗುತ್ತಿದೆ.

ಒಳಗಿಂದ ಅವನ ಅಜ್ಜಿ ಬರುತ್ತಾಳೆ. "ಇದು ಹಾಕ್ಸ್ಕಂಡ್ರೆ ಮಕ್ಳಾಗಕಿಲ್ವಂತೆ ಕಣವ್ವ, ನಿಜವಾ?"

ತುರ್ತುಪರಿಸ್ಥಿತಿಯಲ್ಲಿ, 1976ರ ಸುಮಾರಿಗೆ, ದೇಶದ ಹಲವೆಡೆ ಬಲವಂತದ ಸಂತಾನಹರಣ ಚಿಕಿತ್ಸೆ ನಡೆದಾಗ ಈಕೆಗೆ ಇಪ್ಪತ್ತೈದರ ಪ್ರಾಯ. ಸರ್ಕಾರದವರು ಮನೆ ಬಾಗಿಲಿಗೆ ಬಂದು ಕರೆದರೆ ಅನುಮಾನಪಡುವುದನ್ನು ಯಾವ ಮೆಸೇಜೂ ಈಕೆಗೆ ಕಲಿಸಬೇಕಿಲ್ಲ.

ಆಶಾ ಕಾರ್ಯಕರ್ತೆ ವಾದಕ್ಕಿಳಿಯುವುದಿಲ್ಲ. ಜಗುಲಿಯ ಮೇಲೆ ಕೂತು ನೀರು ಕೇಳಿ ಕುಡಿಯುತ್ತಾರೆ. "ಅದು ಸುಳ್ಳು ಅಜ್ಜಿ. ನಾನು ಜನವರಿಲೇ ಹಾಕ್ಸ್ಕಂಡೆ. ಆವತ್ತು ರಾತ್ರಿ ಜ್ವರ ಬಂತು, ಮೈಯೆಲ್ಲ ನೋವು. ಎಲ್ಡು ದಿನಕ್ಕೆ ಸರಿಹೋಯ್ತು. ನಿಂಗೂ ಬರಬೌದು."

ಜ್ವರ ಬರುವುದಿಲ್ಲ ಎಂದುಬಿಟ್ಟಿದ್ದರೆ ಅಜ್ಜಿ ಒಳಗೆ ಹೋಗಿಬಿಡುತ್ತಿದ್ದಳೇನೋ. ಈಗ ಹೊಸ್ತಿಲಲ್ಲೇ ನಿಂತಿದ್ದಾಳೆ.

"ನಡುರಾತ್ರಿ ಜ್ವರ ಬಂದ್ರೆ ಯಾರ್ನ ಕೇಳ್ಲಿ?"

"ನಮ್ಮನೆ ಬಾಗ್ಲು ತಟ್ಟು. ಮಾತ್ರೆ ತಗೊಂಡು ನಾನೇ ಬತ್ತೀನಿ."

ಅಜ್ಜಿ ಸೆರಗು ಹೊದ್ದು ಕೆಳಗಿಳಿಯುತ್ತಾಳೆ. "ಬ್ಯಾಡ ಕಣಜ್ಜಿ" ಎನ್ನುತ್ತ ಮೊಮ್ಮಗನೂ ಹಿಂದೆ ಬರುತ್ತಾನೆ. ಪಕ್ಕದ ಮನೆಯ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೊತೆಗೂಡುತ್ತಾರೆ.

ಒಂಬತ್ತು ಜನರಾದರು. ನರ್ಸಮ್ಮ ವಯಲ್ ತೆರೆದು, ಅದರ ಮೇಲೆ ವೇಳೆ ಬರೆಯುತ್ತಾರೆ. ಅಜ್ಜಿಗೆ ಚುಚ್ಚಿ, "ಅರ್ಧ ಗಂಟೆ ಇಲ್ಲೇ ಕೂತಿರು" ಎನ್ನುತ್ತಾರೆ.

ಯುವಕ ಗೇಟು ದಾಟಿಲ್ಲ. ಅಲ್ಲಿಂದಲೇ ಕೇಳುತ್ತಾನೆ: "ಅರ್ಧ ಗಂಟೆ ಯಾಕಕ್ಕ?"

"ಅಪರೂಪಕ್ಕೆ ಯಾರ್ಗಾದ್ರೂ ಒಗ್ಗಲ್ಲ. ಹಂಗಾದ್ರೆ ಕೊಡಕೆ ಔಷಧಿ ಇಲ್ಲೇ ಐತೆ, ಒಳಗ್ ಬಂದು ನೋಡು." ಇಷ್ಟು ಹೇಳಿ ಆಶಾ ಕಾರ್ಯಕರ್ತೆ ಹತ್ತನೆಯವರನ್ನು ಹುಡುಕಿಕೊಂಡು ಕೆಳಗಿನ ಬೀದಿಗೆ ಹೊರಡುತ್ತಾರೆ.