ಸಿಗದವರ ಆಟ

ಖೋ ಖೋ ನೋಡಲು ಬರುವವರಲ್ಲಿ ಹೆಚ್ಚಿನವರು ಓಡಿಸುವವರನ್ನೇ ನೋಡುತ್ತಾರೆ. ಕಂಬ ಹಿಡಿದು ಗಾಳಿಯಲ್ಲಿ ಮೈ ಚಾಚಿ ಔಟ್ ಮಾಡುವವನಿಗೆ ಚಪ್ಪಾಳೆ, ಕೂತವರ ಬೆನ್ನು ಮುಟ್ಟಿ ಗಂಟಲು ಹರಿಯುವಂತೆ 'ಖೋ' ಎನ್ನುವವಳಿಗೆ ಸಿಳ್ಳೆ. ನನ್ನ ಕಣ್ಣು ಮಾತ್ರ ಮೊದಲಿನಿಂದಲೂ ಓಡುವವರ ಮೇಲೆ. ಇನ್ನೇನು ಸಿಕ್ಕೇಬಿಟ್ಟಳು ಅನ್ನುವಾಗ ಸೊಂಟ ತಿರುಗಿಸಿ ಸಾಲಿನ ಆಚೆಗೆ ಹೋಗಿ ನಿಂತು, ಹಣೆಯ ಬೆವರು ಒರೆಸಿಕೊಳ್ಳುವ ಹುಡುಗಿಯ ಮೇಲೆ. ಬೇರೆ ಆಟಗಳಲ್ಲಿ ಏನಾದರೂ ಮಾಡಿ ತೋರಿಸಬೇಕು. ಗೋಲು ಹೊಡೆಯಬೇಕು, ರನ್ ಗಳಿಸಬೇಕು, ಎದುರಾಳಿಯನ್ನು ಮಣ್ಣಿಗೆ ಕೆಡವಬೇಕು. ಖೋ ಖೋದಲ್ಲಿ ಓಡುವವಳು ಏನೂ ಆಗದ ಹಾಗೆ ನೋಡಿಕೊಂಡರೆ ಸಾಕು. ಏನೂ ಆಗದಿರಲಿ ಎಂದು ಮನುಷ್ಯರು ಇಷ್ಟು ಏದುಸಿರು ಬಿಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ತಿ. ನರಸೀಪುರದ ಕಡೆ ಈ ಆಟಕ್ಕೆ ಬೇಕಾದ ಸರಕು ಬಹಳ ಕಡಿಮೆ. ಎರಡು ಕಂಬ, ಗೆರೆ ಎಳೆಯಲು ಒಂದು ಪುಟ್ಟಿ ಸುಣ್ಣ, ಕಲ್ಲು ಆರಿಸಿದ ಬಯಲು. ನಿಯಮದ ಪುಸ್ತಕದಲ್ಲಿ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಕಂಬ ನೆಲದಿಂದ 120 ಸೆಂಟಿಮೀಟರಿಗೆ ಕಡಿಮೆ ಇರಬಾರದು. ನಮ್ಮ ಶಾಲೆಗಳ ಬಯಲಿನಲ್ಲಿ ಅಂಕಣ ಕಾಂಪೌಂಡ್ ಗೋಡೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಕಂಬವನ್ನು ಮಾತ್ರ ಯಾರೂ ಅಸಡ್ಡೆ ಮಾಡುವುದಿಲ್ಲ. ಸಿಬರು ಏಳದಂತೆ ಉಜ್ಜಿ, ನುಣುಪು ಮಾಡಿ, ಅಲ್ಲಾಡದಂತೆ ಹೂಳುತ್ತಾರೆ. ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟದ ದಿನ ಬಯಲಿನ ಸುತ್ತ ನಿಂತರೆ ಯಾವ ಊರಿನವರು ಎಲ್ಲಿದ್ದಾರೆಂದು ಕೂಗಿನಿಂದಲೇ ಗೊತ್ತಾಗುತ್ತದೆ. "ಬುಡಬ್ಯಾಡ ಮೊಗ, ಒಳೀಕ್ ನುಗ್ಗು!" ಎಂದು ಒಬ್ಬರು, "ಕಂಬ ಬುಟ್ಟು ಬಾರೇ ಕೂಸೇ!" ಎಂದು ಇನ್ನೊಬ್ಬರು. ಆ ಗದ್ದಲದಲ್ಲಿ ಕೂಸು ಯಾರ ಮಾತನ್ನೂ ಕೇಳುವುದಿಲ್ಲ. ಅವಳಿಗೆ ಬೇಕಾದದ್ದು ಬೆನ್ನ ಹಿಂದಿನ ಹೆಜ್ಜೆಯ ಸದ್ದು ಮಾತ್ರ.

ಆಟದ ನಿಯಮ ಮಾಡಿದವರು ಓಡಿಸುವವರ ಮೇಲೆ ಸ್ವಲ್ಪ ಮುನಿಸಿಟ್ಟುಕೊಂಡೇ ಕೂತಿದ್ದರು ಎಂದು ನನಗೆ ಗುಮಾನಿ. ಓಡಿಸುವ ಪಕ್ಷದಲ್ಲಿ ಒಂಬತ್ತು ಜನ. ಎಂಟು ಜನ ನಡುಸಾಲಿನಲ್ಲಿ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂರಬೇಕು. ಒಂಬತ್ತನೆಯವರು ಓಡಿಸಬೇಕು. ಹಾಗೆ ಓಡಿಸುವವರು ಹಿಡಿದ ದಿಕ್ಕು ಬಿಡುವಂತಿಲ್ಲ. ಹಿಂದೆ ತಿರುಗುವಂತಿಲ್ಲ, ಕೂತವರ ನಡುವೆ ನುಸುಳುವಂತಿಲ್ಲ. ಕಂಬ ದಾಟಿದ ಮೇಲೆಯೇ ಆಚೆ ಬದಿಗೆ ಬರಬೇಕು. ಭುಜ ಸ್ವಲ್ಪ ತಿರುಗಿದರೂ ಅಂಪೈರು ಸೀಟಿ ಊದುತ್ತಾರೆ. ಖೋ ಕೊಡುವುದಾದರೆ ಹಿಂದಿನಿಂದಲೇ ಕೊಡಬೇಕು, ಕೊಡುವ ಮುಂಚೆ ಕೂತವರು ಏಳಬಾರದು. ಮೂವರ ತಂಡವಾಗಿ ಒಳಗೆ ಬರುವ ಓಟಗಾರರಿಗೆ ಈ ಯಾವ ಕಟ್ಟಳೆಯೂ ಇಲ್ಲ. ಎಲ್ಲಿ ಬೇಕಾದರೂ ನುಗ್ಗಬಹುದು, ತಿರುಗಬಹುದು, ಬೇಕೆಂದರೆ ಸುಮ್ಮನೆ ನಿಲ್ಲಲೂಬಹುದು. ಒಂಬತ್ತು ಜನರನ್ನು ಕಟ್ಟಿಹಾಕಿ ಮೂವರನ್ನು ಬಿಟ್ಟುಬಿಟ್ಟರೆ ಏನಾಗುತ್ತದೆಂದು ನೋಡುವ ಕುತೂಹಲದಿಂದಲೇ ಈ ಆಟ ಹುಟ್ಟಿರಬೇಕು.

ಆದರೆ ಈ ಬಿಡುಗಡೆ ಕಾಣುವಷ್ಟು ಸುಲಭದ್ದಲ್ಲ. ಚೆನ್ನಾಗಿ ಓಡುವವರು ಜೋರಾಗಿ ಓಡುವುದೇ ಇಲ್ಲ. ಹೊಸಬರು ಪ್ರಾಣಭಯದಿಂದ ಓಡುತ್ತಾರೆ, ಎರಡು ಸುತ್ತಿನಲ್ಲಿ ಉಸಿರು ಕಟ್ಟಿ ಕೈಗೆ ಸಿಗುತ್ತಾರೆ. ನುರಿತವಳು ಓಡಿಸುವವಳಿಂದ ಒಂದು ತೋಳು ಹೆಚ್ಚು ದೂರದಲ್ಲಿ ಮಾತ್ರ ಇರುತ್ತಾಳೆ. ಸಂಜೆ ಮಂಕರಿಯೊಳಗೆ ಮುಚ್ಚಲು ಅಟ್ಟಿಸಿಕೊಂಡು ಹೋದರೆ ಹ್ಯಾಟೆ ಕೋಳಿ ಎಷ್ಟು ದೂರ ಓಡುತ್ತದೆ? ನಮ್ಮ ಕೈಯ ಅಳತೆಗಿಂತ ಒಂದು ಗೇಣು ಆಚೆ, ಅಷ್ಟೇ. ಅವಳ ಲೆಕ್ಕವೂ ಅದೇ. ಎದುರಿನವಳ ಭುಜ ನೋಡಿ ದಿಕ್ಕು ತಿಳಿಯುತ್ತಾಳೆ. ಕೂತವರಲ್ಲಿ ಯಾರ ಹಿಮ್ಮಡಿ ಎದ್ದಿದೆಯೋ ಅಲ್ಲಿಗೆ ಖೋ ಬೀಳುತ್ತದೆಂದು ಮೊದಲೇ ಊಹಿಸುತ್ತಾಳೆ. ಸಾಲಿನಲ್ಲಿ ಒಳಗೊಂದು ಹೊರಗೊಂದು ಹೆಜ್ಜೆ ಹೆಣೆಯುತ್ತ ಹೋಗುವುದಕ್ಕೆ ಆಟಗಾರರು ಚೈನ್ ಎನ್ನುತ್ತಾರೆ, ಒಂದೇ ಕಡೆ ದುಂಡಗೆ ಸುತ್ತಿ ಓಡಿಸುವವಳ ತಾಳ್ಮೆ ಕೆಡಿಸುವುದಕ್ಕೆ ರಿಂಗ್. ಚೈನ್‌ನಲ್ಲಿ ಲಯವಿದೆ, ಕೂತು ನೋಡುವವನ ತಲೆಯೂ ಅತ್ತಿತ್ತ ತೂಗುತ್ತದೆ. ರಿಂಗ್‌ನಲ್ಲಿ ತುಂಟತನವಿದೆ. ನನಗೆ ಎರಡೂ ಇಷ್ಟ. ಇನ್ನೂ ಇಷ್ಟವಾದದ್ದು ಚೈನ್ ಮುರಿದು ರಿಂಗ್‌ಗೆ ಹೊರಳುವ ಗಳಿಗೆ. ಎಂಟು ಜನರ ಲೆಕ್ಕ ಅಲ್ಲಿ ಒಟ್ಟಿಗೇ ತಪ್ಪುತ್ತದೆ.

ನನ್ನ ಜೊತೆ ಕೂತು ಆಟ ನೋಡುವ ನಿವೃತ್ತ ಪಿ.ಟಿ. ಮೇಷ್ಟರಿಗೆ ಇದೆಲ್ಲ ಒಪ್ಪಿಗೆಯಿಲ್ಲ. "ಖೋ ಖೋ ಅಂದ್ರೆ ಓಡ್ಸೋದು ಸ್ವಾಮಿ. ಒಂಬತ್ತು ಜನ ಒಂದೇ ಮೈ ಆಗ್ಬೇಕು. ಓಡೋದು ಯಾರ್ ಬೇಕಾದ್ರೂ ಓಡ್ತಾರೆ" ಎನ್ನುತ್ತಾರೆ. ಈ ಜಗಳ ನಮ್ಮಿಬ್ಬರ ನಡುವೆ ಹಳೆಯದು. ಅದನ್ನು ತೀರಿಸುವ ಆತುರ ಇಬ್ಬರಿಗೂ ಇಲ್ಲ.

ನನ್ನ ಪಕ್ಷಕ್ಕೆ ದೊಡ್ಡ ಬಲ ಬಂದದ್ದು ನಮ್ಮ ತಾಲ್ಲೂಕಿನ ಕುರುಬೂರಿನಿಂದ. ಕಬ್ಬು ಬೆಳೆಗಾರರ ಮುಖಂಡ ಕುರುಬೂರು ಶಾಂತಕುಮಾರ್ ಅವರ ಹೆಸರಿನೊಂದಿಗೆ ನಾಡಿಗೆ ಗೊತ್ತಿದ್ದ ಊರು ಅದು. 2025ರ ಜನವರಿಯಲ್ಲಿ ಇನ್ನೊಂದು ಹೆಸರೂ ಸೇರಿತು, ಬಿ. ಚೈತ್ರಾ. ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಮಹಿಳಾ ತಂಡದ ಆಟಗಾರ್ತಿ. ಜನವರಿ 19ರಂದು ಫೈನಲ್, ಎದುರಿಗೆ ನೇಪಾಳ. ಟೀ ಅಂಗಡಿಯ ಬೆಂಚಿನ ಮೇಲೆ ಒಂದು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಾವೆಲ್ಲ ತಲೆಗೆ ತಲೆ ಕೊಟ್ಟು ನೋಡಿದೆವು.

ಅಲ್ಲಿಯ ಆಟ ಏಳು ಏಳು ನಿಮಿಷದ ನಾಲ್ಕು ಸರದಿಯದು. ಒಬ್ಬರನ್ನು ಔಟ್ ಮಾಡಿದರೆ ಎರಡು ಅಂಕ. ನನಗೆ ಖುಷಿ ಕೊಟ್ಟದ್ದು ಇನ್ನೊಂದು ನಿಯಮ. ಓಡುವ ಮೂವರ ತಂಡ ಮೂರು ನಿಮಿಷ ಉಳಿದರೆ ಅವರಿಗೂ ಒಂದು ಅಂಕ, ಆಮೇಲೆ ಪ್ರತಿ ಅರ್ಧ ನಿಮಿಷಕ್ಕೆ ಒಂದೊಂದು. ಡ್ರೀಮ್ ರನ್ ಎಂದು ಅದರ ಹೆಸರು. ಸಿಗದೆ ಉಳಿದದ್ದಕ್ಕೂ ಕೂಲಿ ಕೊಡಬೇಕೆಂದು ಕೊನೆಗೂ ಯಾರಿಗೋ ಹೊಳೆಯಿತಲ್ಲ! ಮೂರು ಸರದಿ ಮುಗಿದಾಗ ಭಾರತ 73, ನೇಪಾಳ 24. ಕೊನೆಯ ಏಳು ನಿಮಿಷದಲ್ಲಿ ಸಮಕ್ಕೆ ಬರಲೇ ನೇಪಾಳಕ್ಕೆ 49 ಅಂಕ ಬೇಕು. ಆಗುವ ಮಾತಲ್ಲ. ಕಪ್ ಯಾರದ್ದೆಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಕೆಲವರು ಎದ್ದು ಹೊರಟರು.

ಆಗ ಒಳಗೆ ಬಂದಳು ನಮ್ಮ ಕುರುಬೂರಿನ ಹುಡುಗಿ. ಅವಳಿದ್ದ ಮೂವರ ತಂಡ ಅಂಕಣದಲ್ಲಿ ಉಳಿದದ್ದು 5 ನಿಮಿಷ 14 ಸೆಕೆಂಡ್. ಐದು ಅಂಕ, ಭಾರತ 78. ನೇಪಾಳ ಆ ಸರದಿಯಲ್ಲಿ ಗಳಿಸಿದ್ದು 16, ಅಂದರೆ ಎಂಟು ಔಟು. ಚೈತ್ರಾಳ ತಂಡದ ಮೂವರನ್ನು ಕಳೆದರೂ ಮಿಕ್ಕ ಒಂದೂಮುಕ್ಕಾಲು ನಿಮಿಷದಲ್ಲಿ ಕಡಿಮೆಯೆಂದರೂ ಐದು ಜನ ಔಟಾಗಿದ್ದಾರೆ. ಓಡಿಸುವವರು ಕೈಲಾಗದವರಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಪಂದ್ಯ 78–40ಕ್ಕೆ ಮುಗಿಯಿತು. ಆ ಐದು ಅಂಕ ಇಲ್ಲದಿದ್ದರೂ ಗೆಲುವು ನಮ್ಮದೇ. ಯಾವ ಅಗತ್ಯವೂ ಇಲ್ಲದಾಗ ಅಷ್ಟು ಚೆನ್ನಾಗಿ ಓಡಿದಳಲ್ಲ, ಅದಕ್ಕೇ ಆ ಓಟ ನನಗೆ ರುಚಿಸಿದ್ದು. ಗಂಡಸರ ತಂಡವೂ ಅದೇ ದಿನ ನೇಪಾಳವನ್ನು 54–36ರಿಂದ ಗೆದ್ದಿತು. ಅದರಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು.

ಅಂಗಡಿಯಲ್ಲಿ ಫುಟ್‌ಬಾಲ್ ಹುಚ್ಚಿನ ಒಬ್ಬ ಹುಡುಗನಿದ್ದಾನೆ. ವಿಶ್ವಕಪ್‌ಗೆ ಬಂದಿದ್ದ ದೇಶಗಳ ಪಟ್ಟಿಯಲ್ಲಿ ಪೋಲೆಂಡ್ ಹೆಸರು ಕಂಡು ಅವನಿಗೆ ನಗು. "ಲೆವಾಂಡೊವ್‌ಸ್ಕಿ ಊರಿನವ್ರು ಖೋ ಖೋ ಆಡಕ್ ಬಂದವ್ರೆ ಕನಣ್ಣೋ!" ಎಂದ. ಆ ರಾಬರ್ಟ್ ಲೆವಾಂಡೊವ್‌ಸ್ಕಿ 2010ರಲ್ಲಿ ಪೋಲೆಂಡಿನ ಲೆಖ್ ಪೊಜ್ನಾನ್ ಫುಟ್‌ಬಾಲ್ ಕ್ಲಬ್ ಬಿಟ್ಟು ಜರ್ಮನಿಯ ಡಾರ್ಟ್‌ಮಂಡ್ ಸೇರಿದಾಗ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಅಲ್ಲಿಂದ 2014ರಲ್ಲಿ ಬಯರ್ನ್ ಮ್ಯೂನಿಕ್, 2022ರಲ್ಲಿ ಬಾರ್ಸಿಲೋನಾ. ಕಾಲಿನಲ್ಲಿ ಆಟವಿದ್ದರೆ ಆ ದೇಶದ ಹುಡುಗ ಗಡಿ ದಾಟಿ ಬದುಕು ಕಟ್ಟಿಕೊಳ್ಳಬಹುದು. ನಮ್ಮ ಖೋ ಖೋ ಹುಡುಗಿ ಎಲ್ಲಿಗೆ ಹೋಗಬೇಕು? ರೈಲ್ವೆಯೋ, ವಿಮಾನ ನಿಲ್ದಾಣ ಪ್ರಾಧಿಕಾರವೋ ಕ್ರೀಡಾ ಕೋಟಾದಲ್ಲಿ ಕರೆದರೆ ಪುಣ್ಯ. 2022ರಲ್ಲಿ ಪುಣೆಯಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋ ಲೀಗಿನಲ್ಲಿ ಚೆನ್ನೈ, ಮುಂಬೈ, ಗುಜರಾತ್, ಒಡಿಶಾ, ರಾಜಸ್ಥಾನ ಮತ್ತು ತೆಲುಗು ಹೆಸರಿನ ಆರು ತಂಡಗಳಿದ್ದವು. ಕನ್ನಡದ ತಂಡವಿರಲಿಲ್ಲ. ನಮ್ಮ ಹುಡುಗರು ಆಡಬೇಕೆಂದರೆ ಪರರ ಅಂಗಿಯನ್ನೇ ತೊಡಬೇಕಿತ್ತು. ಹುಡುಗಿಯರಿಗೆ ಆ ಅಂಗಿಯೂ ಇರಲಿಲ್ಲ, ಅದು ಗಂಡಸರ ಲೀಗಾಗಿತ್ತು.

ಗೆದ್ದು ಬಂದಾಗ ರಾಜ್ಯ ಸರ್ಕಾರ ಚೈತ್ರಾ ಮತ್ತು ಗೌತಮ್ ಇಬ್ಬರಿಗೂ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಪ್ರಕಟಿಸಿದ್ದು 2.25 ಕೋಟಿ, ಜೊತೆಗೆ ಸರ್ಕಾರಿ ಕೆಲಸ. ಇಬ್ಬರೂ 5 ಲಕ್ಷ ಬೇಡವೆಂದರು. ಟೀ ಅಂಗಡಿಯಲ್ಲಿ ಅಂದು ಎರಡು ಪಕ್ಷವಾಯಿತು. "ಬಂದದ್ದ ಬುಡಬಾರ್ದಿತ್ತು" ಎಂದವರೂ ಇದ್ದರು. ನನಗೆ ಮಾತ್ರ ಓಡುವವಳು ಸುಲಭಕ್ಕೆ ಸಿಗಬಾರದು ಎನ್ನುವ ಪಾಠ ಅಂಕಣದ ಹೊರಗೂ ನಡೆದದ್ದು ಸರಿಯೆನಿಸಿತು.

ಕ್ರೀಡಾಂಗಣದಲ್ಲಿ ಈಗ ಮ್ಯಾಟ್ ಹಾಸುತ್ತಾರೆ, ಆಟಗಾರರು ಬೂಟು ತೊಡುತ್ತಾರೆ, ಮೊಣಕಾಲಿಗೆ ಪಟ್ಟಿ ಕಟ್ಟುತ್ತಾರೆ. ಒಳ್ಳೆಯದೇ. ಮಣ್ಣಿನಲ್ಲಿ ಆಡಿದವರ ಮಂಡಿ ನೋಡಿದವರು ಯಾರೂ ಅದಕ್ಕೆ ಅಡ್ಡ ಬರಲಾರರು. ಆದರೂ ಮಳೆ ಬಿದ್ದ ಮಾರನೇ ದಿನದ ಹದವಾದ ನೆಲದ ಮೇಲೆ ಬರಿಗಾಲು ಊರಿ ತಿರುಗುವಾಗ ಮಣ್ಣು ಹಿಮ್ಮಡಿಗೆ ಒಂದಿಷ್ಟು ಆಸರೆ ಕೊಡುತ್ತದೆ. ಅದನ್ನು ಕಾಲು ಮರೆಯುವುದಿಲ್ಲ.

ಫೈನಲ್ ಮುಗಿದ ಮೇಲೆ ಮೇಷ್ಟರು ಟೀ ಹೀರುತ್ತ ಕೇಳಿದರು. "ಚೈತ್ರಾನ ನೋಡುದ್ರಿ, ಸರಿ. ಆ ನೇಪಾಳದ ಹುಡ್ಗೀರ್ನ ನೋಡುದ್ರಾ? ಸೋತೋಗಿರೋ ಆಟ್ದಲ್ಲಿ ಏಳು ನಿಮಿಷಾನೂ ಖೋ ಕೊಟ್ಕೊಂಡೇ ಇದ್ರಲ್ಲ! ಅವ್ರು ಕೈ ಚೆಲ್ಲಿ ಕೂತಿದ್ರೆ ನಿಮ್ ಚೈತ್ರಾ ಬಯಲಲ್ಲಿ ಒಬ್ಳೇ ಓಡಾಡ್ಬೇಕಾಗಿತ್ತು." ಮಾತಿನಲ್ಲಿ ಹುರುಳಿತ್ತು. ಆ ಹುಡುಗಿಯರೂ ಅಗತ್ಯವಿಲ್ಲದೆಯೇ ಚೆನ್ನಾಗಿ ಆಡಿದ್ದರು. ಆದರೆ ಅದಕ್ಕಾಗಿ ನಾನು ಪಕ್ಷ ಬದಲಿಸುವವನಲ್ಲ, ಮೇಷ್ಟರೂ ಅಲ್ಲ. ಮುಂದಿನ ದಸರಾ ಕೂಟಕ್ಕೆ ಅವರು ಓಡಿಸುವವರನ್ನು ನೋಡಲಿ, ನಾನು ಓಡುವವರನ್ನು ನೋಡುತ್ತೇನೆ. ಸಂಜೆ ಟೀ ಅಂಗಡಿಯಲ್ಲಿ ಜಗಳವಾಡಿದರೆ ಇಬ್ಬರಿಗೂ ಪೂರ್ತಿ ಆಟ ಸಿಗುತ್ತದೆ.