ಹಳೆಯ ಗೋಡೆಗೆ ಹೊಸ ಸುಣ್ಣ

ರಂಗಮಂದಿರದ ಭಿತ್ತಿಗೆ ಲೇಪವನ್ನೂ ಸುಧಾಕರ್ಮವನ್ನೂ ಮಾಡಿ, ಅದು ಎಲ್ಲ ಕಡೆಯೂ ಸಮವಾಗಿ ಶೋಭಿಸಿದ ಮೇಲೆ ಚಿತ್ರವನ್ನು ಬರೆಯತಕ್ಕದ್ದೆಂದು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ವಿಧಿಸುವುದಷ್ಟೆ. ಆದರೆ ನುಣುಪಾದ ಬಟ್ಟೆಯ ಮೇಲೆ, ನೂರಾರು ಮಳೆಗಾಲಗಳನ್ನು ಕಂಡ ಒರಟು ಗೋಡೆಯನ್ನು ತೋರಿಸುವುದು ಹೇಗೆ? ಇದನ್ನು ನಾನು ಪಾಠಶಾಲೆಯಲ್ಲಿ ಕಲಿಯಲಿಲ್ಲ. ಭದ್ರಾವತಿಯಲ್ಲಿ ನಾಟಕದ ಪರದೆಗಳನ್ನು ಬರೆಯುತ್ತಿದ್ದ ವೃದ್ಧರೊಬ್ಬರಿಂದ ಕಲಿತೆನು.

1988ನೆಯ ಇಸವಿಯ ಮಾತು. ಶಿವಮೊಗ್ಗದಲ್ಲಿ ನಾನು ಉಪಾಧ್ಯಾಯನಾಗಿದ್ದ ಶಾಲೆಯ ವಾರ್ಷಿಕೋತ್ಸವಕ್ಕೆ ಭಾಸನ ಪ್ರತಿಮಾನಾಟಕದ ಮೂರನೆಯ ಅಂಕವನ್ನು ಕನ್ನಡಿಸಿ ಆಡಿಸುವುದೆಂದು ನಿಶ್ಚಯಿಸಿದೆನು. (ಗಣಪತಿ ಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಭಾಸನವೆಂದು ಪ್ರಕಟಿಸಿದ ಹದಿಮೂರು ನಾಟಕಗಳಲ್ಲಿ ಇದೂ ಒಂದು, ಎಲ್ಲವೂ ಭಾಸನವೇ ಹೌದೆ ಎಂಬ ವಾದ ಇನ್ನೂ ಮುಗಿದಿಲ್ಲ.) ಸೋದರಮಾವನ ಮನೆಯಿಂದ ಅಯೋಧ್ಯೆಗೆ ಮರಳುವ ಭರತನು, ಪ್ರತಿಮಾಗೃಹದಲ್ಲಿ ಗತಿಸಿದ ರಾಜರ ಸಾಲಿನೊಳಗೆ ತನ್ನ ತಂದೆಯನ್ನು ಕಂಡು ಪಿತೃಮರಣವನ್ನರಿಯುವ ಪ್ರಸಂಗವದು. ಆ ಮನೆ ಪುರಾತನವಾಗಿ ಕಾಣಬೇಕೆಂದು ವೃದ್ಧರಿಗೆ ಹೇಳಿದೆನು.

ಅವರು ಕುಂಚವನ್ನು ಮುಟ್ಟದೆ ನನ್ನನ್ನು ಲಕ್ಷ್ಮೀನರಸಿಂಹ ದೇವಾಲಯಕ್ಕೆ ಕರೆದೊಯ್ದರು. ಹೊಯ್ಸಳರ ಕಾಲದ ಆ ಗುಡಿಯನ್ನು ನಾನು ಎಷ್ಟೋ ಬಾರಿ ಪ್ರದಕ್ಷಿಣೆ ಮಾಡಿದ್ದೆನು. ಗೋಡೆಯನ್ನು ಮಾತ್ರ ನೋಡಿರಲಿಲ್ಲ.

“ಮೇಷ್ಟ್ರೇ, ಗೋಡೆ ಸುಮ್ಮನೆ ಮುದಿಯಾಗೋದಿಲ್ಲ. ನೀರು ಎಲ್ಲಿ ಹರೀತು, ಕೈ ಎಲ್ಲಿ ತಾಗ್ತು, ಅಲ್ಲಲ್ಲೇ ವಯಸ್ಸಾಗೋದು.”

ಸೂರಿನ ಕೆಳಗೆ ಕಪ್ಪು ಗೆರೆಗಳು. ಬುಡದಲ್ಲಿ ಮೇಲೇರಿದ ತೇವ. ಬಾಗಿಲ ಬಳಿ ಕೈ ಸೋಕಿ ಸೋಕಿ ನುಣುಪಾದ ಕಲ್ಲು. ಹಿಂದಿರುಗುವಾಗ, 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯ ಕಡೆ ಒಂದು ತಗಡಿನ ಬೇಲಿಯನ್ನು ತೋರಿಸಿದರು. ಪ್ರತಿ ಮೊಳೆಯ ಕೆಳಗೂ ತುಕ್ಕಿನ ಒಂದೊಂದು ಕಣ್ಣೀರು.

ತರುವಾಯ ಕೆಲಸ. ಬಟ್ಟೆಗೆ ಮರವಜ್ರದ ನೀರನ್ನು ಬಳಿದು ಒಣಗಿಸಿದರು. ಸೀಮೆಸುಣ್ಣದ ಪುಡಿಗೆ ಗರಗಸದ ಹೊಟ್ಟನ್ನೂ ವಜ್ರವನ್ನೂ ಕಲಸಿ, ಗಾರೆ ಉದುರಿದಂತೆ ಅಲ್ಲಲ್ಲಿ ಮೆತ್ತಿದರು. ಮೇಲೆ ಕೆಮ್ಮಣ್ಣು ಮತ್ತು ಮಸಿಯ ತೆಳು ನೀರನ್ನು ಸುರಿದು, ಬಟ್ಟೆಯನ್ನು ನಿಲ್ಲಿಸಿ, ಅದು ತಾನೇ ಇಳಿಯಲು ಬಿಟ್ಟರು. ಗೋಣಿಯ ಮುದ್ದೆಯಿಂದ ಒತ್ತಿದರು. ತೆಂಗಿನ ಕಡ್ಡಿಯ ಪೊರಕೆಯಿಂದ ಬಣ್ಣವನ್ನು ಸಿಡಿಸಿದರು. ಕೊನೆಗೆ, ಹೆಚ್ಚು ಕಡಮೆ ಒಣಗಿದ ಕುಂಚಕ್ಕೆ ತುಸು ಬಿಳಿಯನ್ನು ಸೋಕಿಸಿ ಉಬ್ಬುಗಳ ನೆತ್ತಿಯ ಮೇಲಷ್ಟೇ ಎಳೆದರು. ಸಮೀಪದಲ್ಲಿ ಅದು ಕೊಳೆ. ಇಪ್ಪತ್ತು ಅಡಿ ದೂರದಲ್ಲಿ, ಪಕ್ಕದಿಂದ ದೀಪ ಬೀಳಲು, ಕಲ್ಲು.

ಅಭ್ಯಾಸದ ದಿನ ಸುಧಾಕಾರನ ಪಾತ್ರದ ಹುಡುಗನು ತನ್ನ ಮಾತನ್ನು ಒಪ್ಪಿಸಿ ನನ್ನ ಮುಖವನ್ನೇ ನೋಡುತ್ತ ನಿಂತನು. ರಾಣಿಯರು ಬರುವರೆಂದು ಗೋಡೆಗೆ ಸುಣ್ಣ ಬಳಿದು ಚಂದನದ ಪಂಚಾಂಗುಲಿಗಳನ್ನು ಒತ್ತಿದ್ದಾಗಿದೆ ಎಂದು ಅವನು ಹೇಳಬೇಕು. ಹಿಂದೆ ನೋಡಿದರೆ ಹಾಳು ಗೋಡೆ! ನಾನೇ ಕನ್ನಡಿಸಿದ ವಾಕ್ಯ. ಮಾತನ್ನು ಬಿಟ್ಟುಬಿಡೆಂದೆನು. ವೃದ್ಧರು ಒಪ್ಪಲಿಲ್ಲ. “ಮನೆ ಹಳೇದೇ ಅಲ್ಲವೆ? ಸುಣ್ಣ ಮಾತ್ರ ಹೊಸದು” ಎಂದು, ಬಿಳಿಯ ನೀರನ್ನು ಅಡ್ಡಕ್ಕೆ ಬಳಿದು, ತೇವವಿರುವಾಗಲೇ ಚಿಂದಿಯಿಂದ ಒರೆಸಿದರು. ಕಪ್ಪು ಗೆರೆಗಳು ಸುಣ್ಣದೊಳಗಿಂದ ಮಸುಕಾಗಿ ಇಣುಕಿದುವು. ಬಿಳಿಗೆ ಹಳದಿ ಬೆರೆತರೆ ಪಾಂಡುವರ್ಣವೆಂದು ನಾನು ಶಾಸ್ತ್ರವನ್ನು ಹೇಳುವಷ್ಟರಲ್ಲಿ, ಅವರು ಅದನ್ನು ಕಲಸಿ ಹುಡುಗನ ಅಂಗೈಗೆ ಹಚ್ಚಿ ಒತ್ತಿಸಿಯೂ ಆಗಿತ್ತು.

ಭರತನು ಮೂರ್ಛೆ ಹೋದಾಗ ಸಭೆಯಲ್ಲಿ ಸದ್ದಿರಲಿಲ್ಲ. ವಂದನಾರ್ಪಣೆಯಲ್ಲಿ ನಾನು ಭಾಸನನ್ನು ಸ್ಮರಿಸಿದೆನು, ಗಣಪತಿ ಶಾಸ್ತ್ರಿಗಳನ್ನು ಸ್ಮರಿಸಿದೆನು, ಕುರ್ಚಿ ಕೊಟ್ಟವರನ್ನೂ ಸ್ಮರಿಸಿದೆನು. ವೃದ್ಧರು ಪಕ್ಕದ ಪರದೆಯ ಹಗ್ಗವನ್ನು ಹಿಡಿದು ನಿಂತಿದ್ದರು. ಅವರ ಹೆಸರು ನನ್ನ ಬಾಯಿಗೆ ಬರಲಿಲ್ಲ.

ಮೂರನೆಯ ದಿನ, ಉಳಿದ ಹಣವನ್ನೂ ಒಂದು ಕ್ಷಮೆಯ ಮಾತನ್ನೂ ಸಿದ್ಧಮಾಡಿಕೊಂಡು ಭದ್ರಾವತಿಗೆ ಹೋದೆನು. ಅವರು ಹೊಳೆಯಲ್ಲಿ ಬಟ್ಟೆಯನ್ನು ತೊಳೆಯುತ್ತಿದ್ದರು.

“ನಾಡಿದ್ದಿಗೆ ಇದರ ಮೇಲೆ ಕಾಡು ಬರೀಬೇಕು ಮೇಷ್ಟ್ರೇ. ಆ ತುದಿ ಸ್ವಲ್ಪ ಹಿಡೀರಿ.”

ಪಂಚೆಯನ್ನು ಎತ್ತಿ ಕಟ್ಟಿ ನೀರಿಗಿಳಿದೆನು. ಮೊದಲು ಸುಣ್ಣ ಹೋಯಿತು, ಆಮೇಲೆ ಕೆಮ್ಮಣ್ಣು. ಹುಡುಗನ ಅಂಗೈಯ ಗುರುತು ಬಹಳ ಹೊತ್ತು ಬಿಡಲಿಲ್ಲ.